ಮಲೆನಾಡಿನ ದಾರಿಗೆ ಹೊಸ ಜೀಪು: ಬುಕಿಂಗ್‌ನಿಂದ ಮೊದಲ ಸಾವಿರ ಕಿಲೋಮೀಟರ್‌ವರೆಗೆ

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಒಂಟಿ ಮನೆಗಳಿಗೆ ಟಾರು ರಸ್ತೆಯಿಂದ ಇಳಿದು ಹೋಗುವ ಮಣ್ಣಿನ ದಾರಿಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಸಾಮಾನ್ಯ ಕಾರು ಓಡಿಸುವುದು ಕಷ್ಟ. ಆದ್ದರಿಂದ ಇಲ್ಲಿನವರು ನಾಲ್ಕೂ ಗಾಲಿಗಳಿಗೆ ಎಂಜಿನ್ ಶಕ್ತಿ ಹೋಗುವ ಫೋರ್ ವೀಲ್ ಡ್ರೈವ್ ವಾಹನವನ್ನು ಕೊಳ್ಳುವುದು ವಾರಾಂತ್ಯದ ಮೋಜಿಗಲ್ಲ, ಹಾಲು, ಗೊಬ್ಬರ, ಅಡಿಕೆ ಮೂಟೆ ಮತ್ತು ಮನೆಯ ಕಾಯಿಲೆಯವರನ್ನು ಸಾಗಿಸುವುದಕ್ಕೆ. ಹಾಗೆ ಕೊಂಡ ವಾಹನವು ಹತ್ತು ಹದಿನೈದು ವರ್ಷ ಬಾಳಬೇಕೆಂದರೆ ಎಂಜಿನ್ನಿನ ರನ್ನಿಂಗ್-ಇನ್ (ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಂತೆ ಮೊದಲ ಸಾವಿರ ಕಿಲೋಮೀಟರ್ ಹದವಾಗಿ ಓಡಿಸುವ) ಕೆಲಸವನ್ನು ಕೀಲಿ ಕೈಗೆ ಬಂದ ದಿನ ಯೋಚಿಸಿದರೆ ಸಾಲದು, ಯಾವ ವಾಹನವನ್ನು ಯಾವ ತಿಂಗಳಲ್ಲಿ ಮನೆಗೆ ತರಬೇಕು ಎಂದು ನಿರ್ಧರಿಸುವಾಗಲೇ ಯೋಚಿಸಬೇಕು. ಈ ಮಾರ್ಗದರ್ಶಿಯು ಆ ಕ್ರಮದಲ್ಲೇ ಸಾಗುತ್ತದೆ.

ಮೊದಲ ಹೆಜ್ಜೆ: ದಾರಿಯನ್ನು ಅಳೆಯುವುದು

ಶೋರೂಮಿಗೆ ಹೋಗುವ ಮೊದಲು ಒಂದು ಟೇಪು ಹಿಡಿದು ಮನೆಯ ಅಂಗಳದಿಂದ ಟಾರು ರಸ್ತೆಯವರೆಗೆ ನಡೆಯಿರಿ. ಎರಡು ದರೆಗಳ ನಡುವಿನ ಅತಿ ಕಿರಿದಾದ ಜಾಗ, ಗೇಟಿನ ಜಂಬಿಟ್ಟಿಗೆ ಕಂಬಗಳ ನಡುವಿನ ಅಂತರ, ಮೋರಿಯ ಅಗಲ ಮತ್ತು ತಿರುವಿನಲ್ಲಿ ಮುಂದೆ ಹಿಂದೆ ಮಾಡಲು ಸಿಗುವ ಸ್ಥಳ ಇವಿಷ್ಟನ್ನೂ ಬರೆದುಕೊಳ್ಳಿ. ಮಾರುತಿ ಸುಜುಕಿ ಜಿಮ್ನಿಯ ಅಗಲ 1,645 ಮಿ.ಮೀ., ಮೂರು ಬಾಗಿಲಿನ ಮಹೀಂದ್ರ ಥಾರ್‌ನದು 1,820 ಮಿ.ಮೀ., ಐದು ಬಾಗಿಲಿನ ಥಾರ್ ರಾಕ್ಸ್‌ನದು 1,870 ಮಿ.ಮೀ., ಫೋರ್ಸ್ ಗೂರ್ಖಾ ಕೂಡ ಹೆಚ್ಚುಕಡಿಮೆ ಅಷ್ಟೇ. ಕಾಗದದ ಮೇಲೆ ಒಂದು ಗೇಣಿನಷ್ಟು ಕಾಣುವ ಈ ವ್ಯತ್ಯಾಸವು ಕನ್ನಡಿಗಳನ್ನೂ ಸೇರಿಸಿದಾಗ ತೋಟದ ಓಣಿಯಲ್ಲಿ ಬಾಗಿಲು ತೆರೆಯಲು ಆಗುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ನೆಲದಿಂದ ಎತ್ತರದಲ್ಲಿ ಥಾರ್ 226 ಮಿ.ಮೀ., ಜಿಮ್ನಿ 210 ಮಿ.ಮೀ. ಇದ್ದು, ಎರಡರ ನಡುವೆ ಹೇಳಿಕೊಳ್ಳುವಂತಹ ಅಂತರವಿಲ್ಲ. ಆದರೆ ಗಾಲಿಗಳ ನಡುವಿನ ಉದ್ದ ಹೆಚ್ಚಾದಷ್ಟೂ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗುವ ಸಂಭವ ಹೆಚ್ಚು. ಮೂರು ಬಾಗಿಲಿನ ಥಾರ್‌ನಲ್ಲಿ ಈ ಉದ್ದ 2,450 ಮಿ.ಮೀ. ಇದ್ದರೆ ರಾಕ್ಸ್‌ನಲ್ಲಿ 2,850 ಮಿ.ಮೀ. ಇದೆ.

ಎಂಜಿನ್ನಿನ ಆಯ್ಕೆಯಲ್ಲಿ ಎಷ್ಟು ಹಾರ್ಸ್‌ಪವರ್ ಎಂಬುದಕ್ಕಿಂತ ಯಾವ ವೇಗದಲ್ಲಿ ಎಳೆಯುವ ಶಕ್ತಿ ಸಿಗುತ್ತದೆ ಎಂಬುದು ಮುಖ್ಯ. ಥಾರ್‌ನ 2.2 ಲೀಟರ್ ಡೀಸೆಲ್ ಎಂಜಿನ್ 1,600ರಿಂದ 2,800 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು) ನಡುವೆಯೇ 300 ನ್ಯೂಟನ್ ಮೀಟರ್ ಎಳೆತ ಕೊಡುತ್ತದೆ. ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ನಿನ 134 ನ್ಯೂಟನ್ ಮೀಟರ್ ದೊರೆಯುವುದು 4,000 ಆರ್‌ಪಿಎಂನಲ್ಲಿ, ಆದರೆ ಆ ವಾಹನದ ತೂಕವೇ ಸುಮಾರು 1,200 ಕಿಲೋ ಮಾತ್ರ. ಕೆಸರು ಗದ್ದೆಯ ಅಂಚಿನಲ್ಲಿ ಹಗುರವಾಗಿರುವುದು ದೊಡ್ಡ ಗುಣ, ಮೂಟೆ ಹೇರುವವರಿಗೆ ಅದೇ ಕೊರತೆ. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನೋಡಲು ಒಂದೇ ರೀತಿ ಇರುವ ಥಾರ್‌ನಲ್ಲಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಶಕ್ತಿ ಹೋಗುವ ಮಾದರಿಗಳೂ ಇವೆ. 1.5 ಲೀಟರ್ ಡೀಸೆಲ್ ಎಂಜಿನ್ ದೊರೆಯುವುದು ಆ ಮಾದರಿಯಲ್ಲಿ ಮಾತ್ರ. ಪುಷ್ಯ ಮಳೆಯಲ್ಲಿ ನೆನೆದ ಕೆಂಪು ಮಣ್ಣಿನ ಏರಿನಲ್ಲಿ ಅದು ಇತರ ಕಾರುಗಳಂತೆಯೇ ಜಾರುತ್ತದೆ. ಜಿಮ್ನಿಯ ಎಲ್ಲ ಮಾದರಿಗಳಲ್ಲೂ ಫೋರ್ ವೀಲ್ ಇದೆ, ಆದರೆ ಯಾಂತ್ರಿಕ ಡಿಫರೆನ್ಷಿಯಲ್ ಲಾಕ್ ಇಲ್ಲ (ತಿರುವಿನಲ್ಲಿ ಎಡ ಬಲದ ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳೇ ಡಿಫರೆನ್ಷಿಯಲ್, ಎರಡೂ ಒಟ್ಟಿಗೆ ತಿರುಗುವಂತೆ ಬಿಗಿಯುವುದು ಲಾಕ್), ಜಾರುವ ಗಾಲಿಗೆ ಬ್ರೇಕ್ ಹಿಡಿದು ನಿಭಾಯಿಸುವ ವ್ಯವಸ್ಥೆ ಮಾತ್ರ ಇದೆ. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಲಾಕ್ ಇದೆ. ವರ್ಷವಿಡೀ ಹಳ್ಳ ದಾಟಬೇಕಾದವರನ್ನು ಬಿಟ್ಟು ಉಳಿದವರಿಗೆ ಅಷ್ಟರ ಅಗತ್ಯ ಬೀಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ತಿಂಗಳನ್ನು ಆರಿಸುವುದು

ಆಯುಧಪೂಜೆಗೆ ವಾಹನ ಮನೆಯಲ್ಲಿರಬೇಕೆಂಬ ಆಸೆ ಸಹಜ, ಅದಕ್ಕಾಗಿಯೇ ಆ ವಾರಗಳಲ್ಲಿ ಡೀಲರ್‌ಗಳ ಬಳಿ ನೂಕುನುಗ್ಗಲು ಇರುತ್ತದೆ ಮತ್ತು ತಪಾಸಣೆಗೆ ಸಮಯ ಸಿಗುವುದಿಲ್ಲ. ಮಲೆನಾಡಿಗೆ ಹೊಂದುವ ಕಾಲವೆಂದರೆ ನವೆಂಬರ್‌ನಿಂದ ಫೆಬ್ರವರಿ. ಆಗ ದಾರಿಗಳು ಒಣಗಿರುತ್ತವೆ, ಮೊದಲ ಸಾವಿರ ಕಿಲೋಮೀಟರನ್ನು ಕೆಸರಿಗೆ ಇಳಿಸದೆ ಮುಗಿಸಬಹುದು, ಮೊದಲ ಸರ್ವಿಸ್ ಆಗಿ ಸಣ್ಣಪುಟ್ಟ ದೋಷಗಳು ಗೊತ್ತಾಗಿ ಸರಿಯಾಗುವ ಹೊತ್ತಿಗೆ ಮುಂಗಾರು ಇನ್ನೂ ದೂರವಿರುತ್ತದೆ. ಜೂನ್ ತಿಂಗಳಲ್ಲಿ ಹೊಸ ಜೀಪು ತಂದವನು ಮೊದಲ ವಾರದಲ್ಲೇ ಅದನ್ನು ಲೋ ಗೇರಿನಲ್ಲಿ ಕೆಸರಿನಿಂದ ಎಳೆಯಬೇಕಾಗುತ್ತದೆ, ಹೊಸ ಎಂಜಿನ್ನಿಗೂ ಗೇರುಗಳಿಗೂ ಅದಕ್ಕಿಂತ ಕೆಟ್ಟ ಆರಂಭವಿಲ್ಲ. ಅಡಿಕೆ ಬೆಳೆಗಾರರಿಗೆ ಕೊನೆ ಕೊಯ್ಲು ಮುಗಿದು ಮಂಡಿಯ ದುಡ್ಡು ಕೈಸೇರುವುದೂ ಹೆಚ್ಚುಕಡಿಮೆ ಇದೇ ಕಾಲದಿಂದ ಮುಂದಕ್ಕೆ. ಬೇಕಾದ ಮಾದರಿಗೆ ಕಾಯುವ ಅವಧಿ ಎಷ್ಟೆಂದು ಕೇಳಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಬುಕಿಂಗ್ ಮಾಡಿ.

ಕೊಟೇಶನ್ ಓದುವುದು

ಬುಕಿಂಗ್ ಹಣ ಕೊಡುವ ಮೊದಲು ಆನ್-ರೋಡ್ ಬೆಲೆಯ ವಿವರವನ್ನು ಸಾಲು ಸಾಲಾಗಿ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಗಿರುವುದರಿಂದ ನೆಂಟರು ಎರಡು ವರ್ಷದ ಹಿಂದೆ ಕೊಟ್ಟ ಬೆಲೆಯನ್ನು ಹಿಡಿದು ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ. ನಾಲ್ಕು ಮೀಟರ್ ಒಳಗಿದ್ದು 1,200 ಸಿಸಿ ಮೀರದ ಪೆಟ್ರೋಲ್ ಅಥವಾ 1,500 ಸಿಸಿ ಮೀರದ ಡೀಸೆಲ್ ಎಂಜಿನ್ ಇರುವ ವಾಹನಗಳಿಗೆ ಈಗ ಶೇ. 18, ಅದಕ್ಕಿಂತ ದೊಡ್ಡವಕ್ಕೆ ಶೇ. 40. ಹೀಗಾಗಿ ಜಿಮ್ನಿ ಚಿಕ್ಕದಾಗಿ ಕಂಡರೂ ಎಂಜಿನ್ನಿನ ಗಾತ್ರದಿಂದಾಗಿ ಶೇ. 40ರ ಗುಂಪಿಗೆ ಸೇರುತ್ತದೆ. ಕರ್ನಾಟಕದ ಜೀವಿತಾವಧಿ ತೆರಿಗೆಯು ವಾಹನದ ಬೆಲೆಯನ್ನು ಅನುಸರಿಸಿ ಏರುತ್ತದೆ. 10 ಲಕ್ಷದಿಂದ 20 ಲಕ್ಷದವರೆಗೆ ಶೇ. 17, ಆ ತೆರಿಗೆಯ ಮೇಲೆ ಸೆಸ್ ಬೇರೆ. 10 ಲಕ್ಷ ಮೀರಿದ ವಾಹನಕ್ಕೆ ಶೇ. 1ರಷ್ಟು ಟಿಸಿಎಸ್ (ಮಾರುವವರೇ ಮೊದಲು ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ, ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗುವುದರಿಂದ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಮರಳಿ ಕೇಳಬಹುದು. ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್ ಎಂಬ ಹೆಸರಿನ ಸಾಲುಗಳು ಕಂಡರೆ ಅವು ಯಾವುದಕ್ಕೆಂದು ಕೇಳಿ, ಸರಿಯಾದ ಉತ್ತರ ಸಿಗದಿದ್ದರೆ ತೆಗೆಯಲು ಹೇಳಿ.

ವಿಮೆಯ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಆದರೆ ಅದನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ನಿಯಮವಿಲ್ಲ. ಎಲ್ಲಿ ಮಾಡಿಸಿದರೂ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಸೇರಿಸಿಕೊಳ್ಳಿ. ಹಳ್ಳ ದಾಟುವಾಗ ಏರ್ ಫಿಲ್ಟರ್ ದಾರಿಯಿಂದ ನೀರು ಒಳಹೋಗಿ ಎಂಜಿನ್ ಸಿಕ್ಕಿಹಾಕಿಕೊಂಡರೆ, ಕನೆಕ್ಟಿಂಗ್ ರಾಡ್ ಬಾಗಿದರೆ, ಸಾಮಾನ್ಯ ಪಾಲಿಸಿಯಲ್ಲಿ ಅದನ್ನು ಅಪಘಾತದ ನೇರ ಹಾನಿಯೆಂದು ಪರಿಗಣಿಸದೆ ಪರಿಹಾರ ನಿರಾಕರಿಸುವ ಸಂದರ್ಭಗಳೇ ಹೆಚ್ಚು. ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ ಈ ಕೆಲವು ಸಾವಿರ ರೂಪಾಯಿಗಳನ್ನು ಉಳಿಸುವುದು ಜಾಣತನವಲ್ಲ.

ಕೊನೆಯದಾಗಿ, ಬುಕಿಂಗ್ ಅರ್ಜಿಯಲ್ಲೇ ಒಂದು ಷರತ್ತನ್ನು ಬರೆಸಿ: ವಾಹನವನ್ನು ಬೇರೆ ಊರಿನ ಗೋದಾಮಿನಿಂದ ತರುವುದಾದರೆ ಲಾರಿಯ ಮೇಲೆ ತರಬೇಕು, ಓಡಿಸಿಕೊಂಡು ತರಬಾರದು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಸುಮಾರು 300 ಕಿ.ಮೀ. ದೂರವನ್ನು ಅವಸರದ ಚಾಲಕನೊಬ್ಬ ಒಂದೇ ವೇಗದಲ್ಲಿ ಹೊಡೆದುಕೊಂಡು ಬಂದರೆ ರನ್ನಿಂಗ್-ಇನ್‌ನ ಅತಿ ಮುಖ್ಯ ಭಾಗ ನಿಮ್ಮ ಕೈತಪ್ಪಿ ಹೋದಂತೆ.

ಯಾರ್ಡಿನಲ್ಲಿ ತಪಾಸಣೆ

ನೋಂದಣಿಗೆ ಕಾಗದ ಕಳಿಸುವ ಮೊದಲೇ, ಹಗಲು ಬೆಳಕಿನಲ್ಲಿ, ತೊಳೆಯದ ಸ್ಥಿತಿಯಲ್ಲಿ ವಾಹನವನ್ನು ನೋಡಬೇಕು. ಕೆಎ-14 ಅಥವಾ ಕೆಎ-15 ನಂಬರ್ ಬಿದ್ದ ಮೇಲೆ ವಾಹನ ಬದಲಿಸಿಕೊಡಿ ಎಂದು ಕೇಳಿ ಪ್ರಯೋಜನವಿಲ್ಲ. ಚಾಸಿ ಮೇಲೆ ಕೊರೆದಿರುವ 17 ಅಕ್ಷರಗಳ ಸಂಖ್ಯೆಯನ್ನು ಇನ್‌ವಾಯ್ಸ್ ಜೊತೆ ಹೋಲಿಸಿ, ತಯಾರಾದ ತಿಂಗಳು ಯಾವುದೆಂದು ಬರಹದಲ್ಲಿ ಕೇಳಿ. ಟೈರಿನ ಬದಿಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 3225 ಎಂದಿದ್ದರೆ ಅದು 2025ರ 32ನೇ ವಾರದಲ್ಲಿ ತಯಾರಾದ ಟೈರು. ಹಿಂಬಾಗಿಲಿನ ಸ್ಟೆಪ್ನಿ ಸೇರಿ ಐದರ ಅಂಕಿಗಳೂ ಹತ್ತಿರ ಹತ್ತಿರ ಇರಬೇಕು, ಒಂದು ಮಾತ್ರ ಬಹಳ ಹೊಸದಾಗಿದ್ದರೆ ಏಕೆ ಬದಲಾಯಿತೆಂದು ಕೇಳಿ.

ಆಮೇಲೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿ. ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ ಗುಂಡುಗಳು, ಮುಂದಿನ ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಜೋಡಣೆ, ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿ, ಇಲ್ಲೆಲ್ಲ ಆಯಿಲ್ ಜಿನುಗಿ ಧೂಳು ಕಪ್ಪಾಗಿ ಅಂಟಿದೆಯೇ ನೋಡಬೇಕು. ಯಾರ್ಡಿನಲ್ಲಿ ಮಳೆಗೆ ನಿಂತಿದ್ದ ವಾಹನದ ಬ್ರೇಕ್ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಇರುವುದು ಸಹಜ, ಅದಕ್ಕೆ ಗಾಬರಿ ಬೇಡ. ಬ್ರೇಕ್ ಪೈಪು ಅಥವಾ ಚಾಸಿಯ ಬೆಸುಗೆಗಳಲ್ಲಿ ತುಕ್ಕು ಇದ್ದರೆ ಮಾತ್ರ ಆ ವಾಹನ ಬೇಡವೆನ್ನಿ. ಎಂಜಿನ್ ತಣ್ಣಗಿರುವಾಗ ಆಯಿಲ್ ಕಡ್ಡಿ ಎಳೆದು ಮಟ್ಟ ನೋಡಿ, ಅದರ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ, ಮುಂದೆ ಹೋಲಿಸಲು ಬೇಕಾಗುತ್ತದೆ. ಯಾರ್ಡಿನ ಮಣ್ಣು ನೆಲದಲ್ಲೇ 2ಎಚ್‌ನಿಂದ (ಎರಡು ಗಾಲಿಗೆ ಮಾತ್ರ ಶಕ್ತಿ) 4ಎಚ್‌ಗೆ (ನಾಲ್ಕಕ್ಕೂ ಶಕ್ತಿ), ನಿಲ್ಲಿಸಿ 4ಎಲ್‌ಗೆ (ನಾಲ್ಕಕ್ಕೂ ಶಕ್ತಿ, ಲೋ ಗೇರಿನಲ್ಲಿ) ಹಾಕಿ ನಾಲ್ಕು ಮಾರು ಓಡಿಸಿ, ಮತ್ತೆ 2ಎಚ್‌ಗೆ ತಂದಾಗ ಮೀಟರಿನ ದೀಪ ಆರುವುದೇ ಎಂದು ಪರೀಕ್ಷಿಸಿ. ಸಾಮಾನ್ಯ ಕಾರು ಮಾರುವ ಅಭ್ಯಾಸದ ಸಿಬ್ಬಂದಿ ಇದನ್ನು ಮಾಡಿ ತೋರಿಸುವುದೇ ಇಲ್ಲ.

ಮೊದಲ ಮುನ್ನೂರು ಕಿಲೋಮೀಟರ್

ಹೊಸ ಎಂಜಿನ್ನಿನ ಸಿಲಿಂಡರ್ ಗೋಡೆಯು ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೇಲೆ ಒಂದನ್ನೊಂದು ಅಡ್ಡ ಹಾಯುವ ಸೂಕ್ಷ್ಮ ಗೆರೆಗಳನ್ನು ಬೇಕೆಂದೇ ಉಳಿಸಿರುತ್ತಾರೆ. ಆ ಗೆರೆಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಉಬ್ಬುಗಳನ್ನು ಪಿಸ್ಟನ್ ರಿಂಗು ಉಜ್ಜಿ ಸವೆಸುತ್ತ ತನಗೆ ಬೇಕಾದ ಅಳತೆಗೆ ಕೂರುತ್ತದೆ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿಗಿಂತ ಹೆಚ್ಚಾಗಿ ಉರಿದ ಅನಿಲದ ಒತ್ತಡ. ಎಂಜಿನ್ನಿನ ಮೇಲೆ ಭಾರವೇ ಬೀಳದಿದ್ದರೆ ಈ ಒತ್ತಡ ಹುಟ್ಟುವುದಿಲ್ಲ, ರಿಂಗು ಆಯಿಲ್ ಮೇಲೆ ತೇಲುತ್ತ ಓಡಾಡಿ ಗೋಡೆ ಹೊಳಪುಗಟ್ಟುತ್ತದೆ, ಅಂತಹ ಎಂಜಿನ್ ಜೀವನಪೂರ್ತಿ ಆಯಿಲ್ ಕುಡಿಯುತ್ತದೆ. ವಿಪರೀತ ಭಾರ ಬಿದ್ದರೆ ಉಬ್ಬುಗಳು ಸವೆಯುವ ಬದಲು ಕಾದು ಗೀರು ಬೀಳುತ್ತವೆ. ಆದ್ದರಿಂದ ಹೊಸ ವಾಹನವನ್ನು ನಲವತ್ತರಲ್ಲೇ ತೆವಳಿಸಬೇಕೆಂಬ ಹಳೆಯ ನಂಬಿಕೆಯೂ ತಪ್ಪು, ಮೊದಲ ದಿನವೇ ಪೂರ್ತಿ ತುಳಿದರೆ ಎಂಜಿನ್ ಚುರುಕಾಗುತ್ತದೆಂಬ ಹೊಸ ವಾದವೂ ತಪ್ಪು. ಬೇಕಾಗಿರುವುದು ಮಧ್ಯಮ ಭಾರ, ಅದೂ ಏರುತ್ತ ಇಳಿಯುತ್ತ ಇರುವ ಭಾರ.

ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಅಂಗಳದಲ್ಲಿ ಗುರುಗುಟ್ಟಿಸುವ ಅಭ್ಯಾಸವನ್ನು ಬಿಡಬೇಕು. ಅರ್ಧ ನಿಮಿಷ ಸಾಕು. ಆಮೇಲೆ ಮೃದುವಾಗಿ ಹೊರಟು, ಎಂಜಿನ್ ಬಿಸಿಯಾಗುವವರೆಗೆ ಆರ್‌ಪಿಎಂ ಕಡಿಮೆ ಇಟ್ಟರೆ ಬೇಗನೆ ಮತ್ತು ಸರಿಯಾಗಿ ಕಾಯುತ್ತದೆ. ಈ ಮೊದಲ ಹಂತದಲ್ಲಿ ಬ್ರೇಕ್ ಪ್ಯಾಡು ಡಿಸ್ಕಿಗೆ ಹೊಂದಿಕೊಂಡಿರುವುದಿಲ್ಲ, ಟೈರಿನ ಮೇಲ್ಮೈಯಲ್ಲಿ ಅಚ್ಚಿನಿಂದ ಬಂದ ಜಾರುಪದರ ಇರುತ್ತದೆ. ಆದ್ದರಿಂದ ಮುಂದಿನ ವಾಹನದಿಂದ ದೂರ ಕಾಯ್ದುಕೊಂಡು, ತುರ್ತು ಬಿದ್ದರೆ ಹೊರತು ಗಟ್ಟಿಯಾಗಿ ಬ್ರೇಕ್ ತುಳಿಯದೆ, ಅರವತ್ತರಿಂದ ಮೂವತ್ತಕ್ಕೆ ಹದವಾಗಿ ಇಳಿಸುವುದನ್ನು ರೂಢಿಸಿಕೊಳ್ಳಿ. ಘಟ್ಟ ಇಳಿಯುವುದು ಇನ್ನೂ ಬೇಡ.

ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆಯ ಮೂಲಕ ತೀರ್ಥಹಳ್ಳಿಗೆ ಹೋಗುವ ಸುಮಾರು 60 ಕಿ.ಮೀ. ರಸ್ತೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ತುಂಗೆಯ ದಂಡೆಯುದ್ದಕ್ಕೂ ತಿರುವು ಮತ್ತು ಸಣ್ಣ ಏರಿಳಿತಗಳು ಇರುವುದರಿಂದ ಚಾಲಕ ಮರೆತರೂ ರಸ್ತೆಯೇ ಮೂರನೇ ಗೇರಿನಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಬದಲಿಸುವಂತೆ ಮಾಡುತ್ತದೆ, ಒಂದೇ ವೇಗದಲ್ಲಿ ಓಡಲು ಬಿಡುವುದಿಲ್ಲ.

ಮುನ್ನೂರರಿಂದ ಸಾವಿರದವರೆಗೆ

ಈಗ ಭಾರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಡೀಸೆಲ್ ಎಂಜಿನ್ನನ್ನು ಬಹುಪಾಲು 1,500ರಿಂದ 2,500 ಆರ್‌ಪಿಎಂ ನಡುವೆ, ಜಿಮ್ನಿಯಂತಹ ಪೆಟ್ರೋಲ್ ಎಂಜಿನ್ನನ್ನು 2,000ದಿಂದ 3,500ರ ನಡುವೆ ಓಡಿಸಿ. ವಾಹನದ ಜೊತೆ ಬಂದ ಪುಸ್ತಕದಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದೇ ಅಂತಿಮ. ಆರ್‌ಪಿಎಂ ಏರಿಸುವುದಕ್ಕಿಂತ ಹೆಚ್ಚು ಹಾನಿ ಮಾಡುವುದು ಅದನ್ನು ಇಳಿಸಿಟ್ಟು ಎಳೆಸುವುದು. ಡೀಸೆಲ್ ಉಳಿಸಲೆಂದು ಏರಿನಲ್ಲಿ ನಾಲ್ಕನೇ ಗೇರಿನಲ್ಲೇ ಗುದ್ದಾಡಿಸಿ ಓಡಿಸುವವರು ನಮ್ಮಲ್ಲಿ ಬಹಳ. ವಾಹನ ನಡುಗುವ ಮೊದಲೇ ಗೇರು ಇಳಿಸಿದರೆ ಬೇರಿಂಗುಗಳಿಗೆ ಒಳ್ಳೆಯದು.

ಐನೂರು ಕಿಲೋಮೀಟರ್ ದಾಟಿದ ಮೇಲೆ ಇಬ್ಬರೇ ಕುಳಿತು, ಸಾಮಾನಿಲ್ಲದೆ, ಆಗುಂಬೆ ಘಾಟಿಯನ್ನು ಇಳಿದು ಸೋಮೇಶ್ವರದಿಂದ ಮರಳಿ ಹತ್ತಬಹುದು. ಹದಿನಾಲ್ಕು ಹಿಮ್ಮುರಿ ತಿರುವುಗಳ ಆ ರಸ್ತೆಯಲ್ಲಿ ಇಳಿಯುವಾಗ ಎರಡನೇ ಗೇರಿನಲ್ಲಿಟ್ಟು ಎಂಜಿನ್ನಿನ ಹಿಡಿತದಲ್ಲೇ ಬಿಡಿ, ನ್ಯೂಟ್ರಲ್ ಮಾಡಿ ಬ್ರೇಕಿನ ಮೇಲೆ ಇಳಿಯುವುದು ಹೊಸ ವಾಹನಕ್ಕೂ ಹಳೆಯದಕ್ಕೂ ಅಪಾಯ. ಹತ್ತಿ ಬಂದ ತಕ್ಷಣ ಎಂಜಿನ್ ಆರಿಸದೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಟರ್ಬೋದ ಬಿಸಿ ಇಳಿಯುತ್ತದೆ. ಸಾವಿರ ಮುಗಿಯುವವರೆಗೆ ಟ್ರೈಲರ್ ಎಳೆಸುವುದು, ಗೊಬ್ಬರದ ಮೂಟೆ ತುಂಬುವುದು, ಹೂತ ಇನ್ನೊಂದು ವಾಹನವನ್ನು ಎಳೆಯಲು ಹೋಗುವುದು ಬೇಡ. ನೆರೆಮನೆಯವರು ಕರೆದಾಗ ಇಲ್ಲವೆನ್ನುವುದು ಮಲೆನಾಡಿನಲ್ಲಿ ಸುಲಭವಲ್ಲ, ಆದರೂ ಹೇಳಲೇಬೇಕು.

ಬಿಎಸ್‌6 (ಈಗಿನ ಹೊಗೆ ನಿಯಮ) ಡೀಸೆಲ್ ವಾಹನ ಕೊಂಡವರಿಗೆ ಇನ್ನೊಂದು ಮಾತು. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜರಡಿಯು ಆಗಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಬೇಕು. ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಮೂರು ಕಿಲೋಮೀಟರ್ ಮಾತ್ರ ಓಡುವ ಜೀಪಿನಲ್ಲಿ ಆ ಬಿಸಿ ಹುಟ್ಟುವುದೇ ಇಲ್ಲ. ಶುಚಿಯಾಗಲು ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸಲು ಆರಂಭಿಸಿದಾಗ ನೀವು ಪದೇಪದೇ ಕೀಲಿ ತಿರುಗಿಸಿ ಆರಿಸಿದರೆ ಆ ಡೀಸೆಲ್ ಗೋಡೆಯುದ್ದಕ್ಕೂ ಇಳಿದು ಆಯಿಲಿಗೆ ಸೇರುತ್ತದೆ. ಕಡ್ಡಿಯಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದು ಕಂಡರೆ ಇದೇ ಕಾರಣವಿರಬಹುದು, ತಡಮಾಡದೆ ವರ್ಕ್‌ಶಾಪಿಗೆ ತೋರಿಸಬೇಕು. ವಾರಕ್ಕೊಮ್ಮೆ ಆಯನೂರು, ಕುಂಸಿ, ಆನಂದಪುರದ ಹೆದ್ದಾರಿಯಲ್ಲಿ ಸಾಗರದ ಕಡೆಗೆ ಅರ್ಧ ಗಂಟೆ ತಡೆಯಿಲ್ಲದೆ ಓಡಿಸಿ ಬಂದರೆ ಈ ತೊಂದರೆ ಬಾರದು. ರನ್ನಿಂಗ್-ಇನ್ ಅವಧಿಯಲ್ಲಾದರೆ ಆ ಓಟದಲ್ಲೂ ವೇಗವನ್ನು ಐವತ್ತು ಎಪ್ಪತ್ತರ ನಡುವೆ ಬದಲಿಸುತ್ತಿರಿ.

ಫೋರ್ ವೀಲ್ ಭಾಗಗಳು

ಎಂಜಿನ್ ಬಗ್ಗೆ ಇಷ್ಟೆಲ್ಲ ಯೋಚಿಸುವವರು ಡಿಫರೆನ್ಷಿಯಲ್ ಗೇರುಗಳನ್ನು ಮರೆತೇಬಿಡುತ್ತಾರೆ. ಅವುಗಳ ಹಲ್ಲುಗಳೂ ಹೊಸದರಲ್ಲಿ ಒಂದಕ್ಕೊಂದು ಹೊಂದಿಕೊಳ್ಳುವಾಗ ಹೆಚ್ಚು ಬಿಸಿಯಾಗುತ್ತವೆ. ಮುಂದಿನ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸು ತಿಂಗಳುಗಟ್ಟಲೆ ಭಾರ ಹೊರದೆ ಇದ್ದು ಒಮ್ಮೆಲೇ ಆಷಾಢದಲ್ಲಿ ಪೂರ್ತಿ ಭಾರ ಹೊರಬೇಕಾಗುತ್ತದೆ. ಆದ್ದರಿಂದ ಮುನ್ನೂರು ಕಿಲೋಮೀಟರ್ ದಾಟಿದ ಮೇಲೆ ಒಣ ಮಣ್ಣಿನ ದಾರಿಯಲ್ಲಿ ಆಗಾಗ ಒಂದೆರಡು ಕಿಲೋಮೀಟರ್ 4ಎಚ್‌ನಲ್ಲಿ ಓಡಿಸಿ. ಟಾರು ರಸ್ತೆಯಲ್ಲಿ ಮಾತ್ರ ಬೇಡವೇ ಬೇಡ. ಥಾರ್, ಜಿಮ್ನಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದಿರುವುದರಿಂದ ತಿರುವಿನಲ್ಲಿ ಎರಡರ ವೇಗದ ವ್ಯತ್ಯಾಸ ಹೊರಹೋಗಲು ದಾರಿಯಿಲ್ಲದೆ ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಮಣ್ಣಿನಲ್ಲಾದರೆ ಗಾಲಿ ಸ್ವಲ್ಪ ಜಾರಿ ಆ ಬಿಗಿತ ಕಳೆಯುತ್ತದೆ. 4ಎಲ್ ಅಭ್ಯಾಸವನ್ನು ಸಾವಿರ ದಾಟಿದ ಮೇಲೆ ಇಟ್ಟುಕೊಳ್ಳಿ.

ಕೊಲ್ಲೂರು ಕಡೆಯಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪಿನವರನ್ನು ಗಮನಿಸಿದರೆ ಒಂದು ಪಾಠವಿದೆ. ಕಡಿದಾದ ಕಲ್ಲಿನ ಏರಿನಲ್ಲಿ ಅವರು ಅರ್ಧದಲ್ಲಿ ಗೇರು ಬದಲಿಸುವುದಿಲ್ಲ, ಬುಡದಲ್ಲೇ ಸರಿಯಾದ ಗೇರು ಹಾಕಿಕೊಂಡು ಕ್ಲಚ್ಚಿನಿಂದ ಕಾಲು ತೆಗೆದಿಡುತ್ತಾರೆ. ಹೊಸ ಕ್ಲಚ್ಚನ್ನು ಏರಿನಲ್ಲಿ ಅರ್ಧ ತುಳಿದು ನಿಲ್ಲಿಸಿಕೊಂಡವರಿಗೆ ಅದರ ಸುಟ್ಟ ವಾಸನೆ ಮೊದಲ ವಾರದಲ್ಲೇ ಪರಿಚಯವಾಗುತ್ತದೆ.

ಮೊದಲ ಸರ್ವಿಸ್, ಆಮೇಲೆ ಮೊದಲ ಕೆಸರು

ಸರ್ವಿಸ್ ಯಾವಾಗ ಎಂಬುದನ್ನು ಪುಸ್ತಕ ನೋಡಿ ಅನುಸರಿಸಿ. ಅದಕ್ಕೂ ಮುನ್ನವೇ ಎಂಜಿನ್ ಆಯಿಲ್ ಬದಲಿಸಬೇಕೆ ಎಂಬ ವಾದ ಮುಗಿಯುವಂಥದ್ದಲ್ಲ. ಈಗಿನ ಎಂಜಿನ್ನುಗಳಿಗೆ ಕಂಪನಿಯ ವೇಳಾಪಟ್ಟಿಯೇ ಸಾಕು, ಕೈಯಲ್ಲಿ ಹಣವಿದ್ದರೆ ಎರಡು ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಆಯಿಲನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ ಬದಲಿಸುವುದು ಅದಕ್ಕಿಂತ ಸಾರ್ಥಕ ಎಂಬುದು ನನ್ನ ನಿಲುವು. ಯಾವ ದರ್ಜೆಯ ಆಯಿಲ್ ಹಾಕಿದರೆಂಬುದು ಬಿಲ್ಲಿನಲ್ಲಿ ಇರಲಿ, ವಾರಂಟಿಗೆ ಬೇಕಾಗುತ್ತದೆ. ಬುಲ್ ಬಾರ್ ಹಾಕಿಸುವ ಯೋಚನೆಯಿದ್ದರೆ ಬಿಡಿ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಅದನ್ನು ನಿಷೇಧಿಸಿದೆ. ಹೆಚ್ಚುವರಿ ದೀಪಕ್ಕಾಗಿ ವೈರಿಂಗ್ ಕತ್ತರಿಸಿದರೂ ವಾರಂಟಿಗೆ ತೊಡಕಾಗುತ್ತದೆ.

ಮೊದಲ ಬಾರಿ ಕೆಸರಿಗೆ ಇಳಿಸುವುದು ಸ್ವಂತ ಜಾಗದಲ್ಲಿ, ಜೊತೆಗೆ ಇನ್ನೊಂದು ವಾಹನ ಮತ್ತು ಎಳೆಯುವ ಪಟ್ಟಿ ಇಟ್ಟುಕೊಂಡು ಆಗಲಿ. ಶೆಟ್ಟಿಹಳ್ಳಿ ಅಭಯಾರಣ್ಯದಂತಹ ಕಾಡಿನೊಳಗೆ ಅನುಮತಿಯಿಲ್ಲದೆ ಜೀಪು ನುಗ್ಗಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ವಾಹನವೇ ಜಪ್ತಿಯಾಗಬಹುದು. ಹಳ್ಳಕ್ಕೆ ಇಳಿಯುವ ಮುನ್ನ ಕೋಲಿನಿಂದ ಆಳ ನೋಡಿ. ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿ.ಮೀ., ಅದು ನಿಂತ ನೀರಿನ ಲೆಕ್ಕ, ಹರಿಯುವ ನೀರಿಗೆ ಅದರ ಅರ್ಧವನ್ನೂ ನಂಬಬೇಡಿ. ದೂರ ಓಡಿ ಬಂದ ಬಿಸಿ ಆಕ್ಸಲ್ ಒಮ್ಮೆಲೇ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಬ್ರೀದರ್ (ಆಕ್ಸಲ್‌ನ ಒಳಗೆ ಗಾಳಿ ಆಡುವ ಕಿರು ಕೊಳವೆ) ಮತ್ತು ಸೀಲುಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ದಡದಲ್ಲಿ ಸ್ವಲ್ಪ ಹೊತ್ತು ನಿಂತು ಆರಲು ಬಿಡಿ. ಮನೆಗೆ ಬಂದ ಮರುದಿನ ರೇಡಿಯೇಟರಿನ ಮುಂದೆ ಮೆತ್ತಿದ ಕೆಂಪು ಮಣ್ಣನ್ನು ಕಡಿಮೆ ಒತ್ತಡದ ನೀರಿನಲ್ಲಿ ತೊಳೆದು, ಗಾಲಿ ನಟ್ಟುಗಳನ್ನು ಬಿಗಿದು, ಡಿಫರೆನ್ಷಿಯಲ್‌ನ ಫಿಲ್ಲರ್ ಬಿರಡೆ ಬಿಚ್ಚಿ ಬೆರಳು ಅದ್ದಿ ನೋಡಿ. ಆಯಿಲ್ ಜೇನಿನ ಬಣ್ಣದ ಬದಲು ಹಾಲು ಹೆಚ್ಚಾದ ಕಾಫಿಯಂತೆ ಕಂಡರೆ ನೀರು ಸೇರಿದೆ. ಅಂತಹ ಆಯಿಲಿನಲ್ಲಿ ಒಂದು ದಿನವೂ ಓಡಿಸದೆ ಬಸಿದು ಹೊಸದನ್ನು ಹಾಕಿಸಿ, ಬ್ರೀದರ್ ಪೈಪು ಕಳಚಿದೆಯೇ ಎಂದು ಮೆಕ್ಯಾನಿಕ್ ಬಳಿ ಪರೀಕ್ಷಿಸಿಕೊಳ್ಳಿ.